ವಿಲಾಯತಿ ಬದನಿಕೆ

ವಿಲಾಯತಿಗೆ ಹೋಗಿ ಬಂದವನು ಅಂದ ಕೂಡಲೇ ನಮ್ಮ ಕಡೆಯವರು ಎರಡೇ ಮಾತು ಕೇಳುತ್ತಾರೆ. ರಾಣಿಯನ್ನು ನೋಡಿದೆಯಾ? ಬರ್ಫ ಬೀಳುವುದು ಖರೆಯಾ? ರಾಣಿಯನ್ನು ನೋಡಲಿಲ್ಲ. ಬರ್ಫ ಒಂದು ವಾರ ಬಿತ್ತು, ಕರಗಿತು. ನಾಲ್ಕು ತಿಂಗಳು ನಾನು ಅಲ್ಲಿ ನೋಡಿದ್ದು ಒಬ್ಬ ವಯಸ್ಸಾದ ಹೆಂಗಸಿನ ಕುರಿಗಳನ್ನು, ಆಕೆಯ ಸೇಬಿನ ಗಿಡಗಳನ್ನು, ಆ ಗಿಡಗಳ ಮೇಲಿನ ಬದನಿಕೆಯನ್ನು. ಅದನ್ನೇ ಬರೆಯುತ್ತೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕುರಿ ಹಿಂದೆ ತಿರುಗುತ್ತಲೇ ಓದು ಬರಹ ಗಟ್ಟಿ ಮಾಡಿಕೊಂಡೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ. ಸುಳ್ಳು ಮಾತ್ರ ಇದರಲ್ಲಿ ಒಂದೂ ಇಲ್ಲ.

ಅಕ್ಕಲಕೋಟೆ ರೋಡ್ ಸ್ಟೇಶನ್

ಆಗ ನಾನು ಸೊಲ್ಲಾಪುರದ ಹೊರಗೆ, ವಿಜಾಪುರ ರಸ್ತೆಯ ಬದಿಗೆ ಇದ್ದ ಸರ್ಕಾರಿ ಕುರಿ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಅಲ್ಲಿಯ ದನದ ಡಾಕ್ಟರ ಸಾಹೇಬರು ಸೊಲ್ಲಾಪುರದ ಅಡತಿ ವ್ಯಾಪಾರಿಗಳ ಮನೆತನದವರು, ಕನ್ನಡ ಮಾತಾಡುವವರು. ವಿಲಾಯತಿಯಿಂದ ಒಳ್ಳೆಯ ತಳಿಯ ಟಗರು ತರುವ ಕೆಲಸ ಅವರ ಪಾಲಿಗೆ ಬಂತು. ಹಡಗಿನಲ್ಲಿ ಅದನ್ನು ಜೀವಂತ ತರಬೇಕಾದರೆ ಕುರಿ ಬಲ್ಲ ಕೈ ಬೇಕು. ಹತ್ತು ಮಂದಿಯಲ್ಲಿ ಅವರು ನನ್ನನ್ನು ಆರಿಸಿದರು. ಕೆಲಸದಲ್ಲಿ ನನ್ನನ್ನು ಮೀರಿಸುವವರು ಅಲ್ಲಿರಲಿಲ್ಲ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ನನ್ನನ್ನು ಕಳಿಸಲು ಅವ್ವ ಹಳ್ಳಿಯಿಂದ ಸ್ಟೇಶನ್ನಿನವರೆಗೆ ನಡೆದು ಬಂದಳು. ಹೊಸ ಕಂಬಳಿ ಕೊಟ್ಟಳು. ಅದರ ಮೂಲೆಯಲ್ಲಿ ಏನೋ ಗಂಟು.

"ಏನಬೇ ಇದು?"

"ಬದನಿಕಿ ಕಡ್ಡಿ. ಜೀವಾ ಕಾಯತದ, ಇರ್ಲಿ."

ಬದನಿಕೆ ನಿಮಗೆ ಗೊತ್ತೇ ಇರುತ್ತದೆ. ಕೆಲವು ಕಡೆ ಬಂದಳಿಕೆ ಅನ್ನುತ್ತಾರೆ, ಮರಾಠಿಯವರು ಬಾಂಡಗೂಳ ಅನ್ನುತ್ತಾರೆ. ನೆಲಕ್ಕೆ ಬೇರು ಬಿಡದೆ ಬೇವು ಮಾವುಗಳ ಟೊಂಗೆಯೊಳಗೆ ಬೇರು ಇಳಿಸಿ, ಅದರ ನೀರು ಕುಡಿದು ಬೆಳೆಯುವ ಗಿಡ. ದುಡಿಯದೆ ಇನ್ನೊಬ್ಬರ ಮನೆಯಲ್ಲಿ ಉಣ್ಣುವವನನ್ನೂ ನಮ್ಮಲ್ಲಿ ಅದೇ ಹೆಸರಿನಿಂದ ಬೈಯುತ್ತಾರೆ. ಆದರೂ ಹಳೆಯ ಮಂದಿ ನಕ್ಷತ್ರ ನೋಡಿ ಅದನ್ನು ಕೊಯ್ದು ತರುತ್ತಾರೆ, ಕಾಳಿನ ಹಗೇವಿನಲ್ಲಿ ಇಡುತ್ತಾರೆ, ಮರಿಗಳು ಉಳಿಯಲೆಂದು ಕುರಿದೊಡ್ಡಿಯ ಬಾಗಿಲಿಗೆ ಕಟ್ಟುತ್ತಾರೆ.

"ವಿಲಾಯತಿಗಿ ಹೊಂಟಾಂವಗ ಬದನಿಕಿ ಕಟ್ತೀಯಲ್ಲಬೇ. ಮಂದಿ ನಗ್ತಾರ."

"ನಗಲಿ. ಮಂದಿ ಹೊಲಕ್ಕ ಹೋಗಿ ಬೇಡಿ ತಂದೀನಿ. ನಮ್ಮ ಬೇವಿನಾಗ ಈಗ ಎಲ್ಲದ?"

ನಾನು ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತೆ.

ಹಡಗು

ಹಡಗಿನಲ್ಲಿ ಹೋಗುವಾಗ ಮಾಡಲು ಏನೂ ಇಲ್ಲ. ಉಣ್ಣು, ಕೂಡು, ನೀರು ನೋಡು. ದಿನಕ್ಕೆ ಆರು ಹರದಾರಿ ನಡೆದ ಕಾಲು ನನ್ನದು. ಮೂರನೆಯ ದಿನದಿಂದ ಹಡಗಿನ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದೆ. ಕಂಬಳಿ ಹೊದ್ದು, ರುಮಾಲು ಸುತ್ತಿ, ಬೆಳಗಿನಿಂದ ಸಂಜೆಯತನಕ. ಒಬ್ಬ ಗೋರಾ ಹೆಂಗಸು ನನ್ನನ್ನು ಕಾವಲುಗಾರ ಅಂದುಕೊಂಡು ತನ್ನ ಕುರ್ಚಿ ಸರಿಸಲು ಹೇಳಿದಳು. ಸರಿಸಿದೆ. ಅದೊಂದೇ ಆ ವಾರ ನಾನು ಮಾಡಿದ ಕೆಲಸ.

"ಮಾಳಪ್ಪಾ, ಗಪ್ಪ ಕೂಡೋ ಮಾರಾಯಾ" ಅಂದರು ಸಾಹೇಬರು. "ನೀ ನಡದರ ಹಡಗ ಲಗೂ ಮುಟ್ಟೂದಿಲ್ಲ."

ಸುಯೇಜ್ ಕಾಲುವೆ ದಾಟುವಾಗ ದಂಡೆಯ ಮೇಲೆ ಒಬ್ಬ ಕುರಿ ಹೊಡೆದುಕೊಂಡು ಹೊರಟಿದ್ದ. ಹಂಡ ಬಣ್ಣದ, ದಪ್ಪ ಬಾಲದ ಕುರಿ. ನಾನು ಗಂಟಲು ಹರಿದುಕೊಂಡು ಕೂಗಿದೆ. ಅವನೂ ಕೋಲು ಎತ್ತಿದ. ನಾವು ದಾಟಿ ಎರಡು ವಾರವೂ ಆಗಿರಲಿಲ್ಲ, ಅಲ್ಲಿ ಲಡಾಯಿ ಹತ್ತಿತು, ಕಾಲುವೆ ಮುಚ್ಚಿತು. ಮೂರು ವಾರ ಇದ್ದು ಟಗರು ತೆಗೆದುಕೊಂಡು ಮರಳಬೇಕಾದವರು ನಾವು. ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ನಮಗೂ ನಮ್ಮ ಟಗರಿಗೂ ಫೆಬ್ರವರಿಯ ತನಕ ಜಾಗ ಸಿಗಲಿಲ್ಲ.

ಮಾರ್ಥಾಬಾಯಿಯ ತೋಟ

ಟಗರಿನ ಒಡತಿಯ ಹೆಸರು ಮಾರ್ಥಾ. ಅರವತ್ತು ದಾಟಿದಾಕೆ, ಒಂಟಿ, ಗಂಡಸರ ಬೂಟು ಹಾಕಿಕೊಂಡು ಕೆಸರಿನಲ್ಲಿ ತಿರುಗುವಾಕೆ. ನಮ್ಮಲ್ಲಿ ಹಿರಿಯ ಹೆಂಗಸಿಗೆ ಬರೀ ಹೆಸರು ಹಿಡಿಯುವ ಪದ್ಧತಿ ಇಲ್ಲ. ನಾನು ಮಾರ್ಥಾಬಾಯಿ ಅಂದೆ. ಆಕೆ ಒಮ್ಮೆ ಹುಬ್ಬೇರಿಸಿ, ಆಮೇಲೆ ಅದಕ್ಕೇ ಓಗೊಡತೊಡಗಿದಳು.

ಟಗರು ನೋಡಿದ ಕೂಡಲೇ ನನ್ನ ಕಾಲು ನಿಂತಿತು. ಅಗಲ ಎದೆ, ಕಂಬದಂಥ ಕಾಲು, ಕೈ ಮುಳುಗುವಷ್ಟು ಉಣ್ಣೆ, ಯಾರಿಗೂ ದಾರಿ ಬಿಡದ ನಡಿಗೆ. ಅದಕ್ಕೆ ಪಾಟೀಲ ಅಂತ ನಾನೇ ಹೆಸರಿಟ್ಟೆ. ಆದರೆ ಮಾರ್ಥಾಬಾಯಿ ಅದನ್ನು ಕೊಡಲು ಒಪ್ಪಿರಲಿಲ್ಲ.

"ಹೊರಡೂ ದಿನಾ ಹೇಳ್ತೀನಿ ಅಂತಾಳ" ಎಂದರು ಸಾಹೇಬರು. "ದೊಡ್ಡ ಸಮುದ್ರದ ದಾರಿ. ಹೆಂಥಾ ಕೈಯಾಗ ಕೊಡಾಕತ್ತೀನಿ ನೋಡಬೇಕು ಅಂತಾಳ. ಆಕಿ ನಿನ್ನ ಕೈ ನೋಡಾಕಿ, ತಿಳೀತಾ? ಇದೊಂದ ಟಗರ ಇಲ್ಲಂದ್ರ ನಾವು ಬರೀಗೈಲೆ ಹೋಗೋದು."

"ನೋಡ್ಲಿ ಬಿಡ್ರಿ. ಮೂರು ತಲಿ ಕುರ್ಯಾಗ ಕಳದೀವಿ."

ಇರಲು ಕೊಟ್ಟಿಗೆಯ ಪಕ್ಕದ ಖೋಲಿ ಕೊಟ್ಟರು. ಮೂರು ಹೊತ್ತು ಊಟ. ಅಲ್ಲಿಯ ಕುರಿಗಳು ಬೇಲಿಯೊಳಗೇ ಇರುತ್ತವೆ, ಕಾಯುವ ಗೋಜಿಲ್ಲ. ನಮ್ಮ ನಾಯಿ ತೋಳ ಕಾಯುತ್ತದೆ, ಕುರಿಯನ್ನು ಮನುಷ್ಯ ಕಾಯುತ್ತಾನೆ. ಅಲ್ಲಿಯ ನಾಯಿ ಒಂದು ಸೀಟಿಗೆ ನೂರು ಕುರಿ ತಿರುಗಿಸುತ್ತದೆ. ನಾಯಿ ಕೂಡ ನನಗಿಂತ ಹೆಚ್ಚು ದುಡಿಯುತ್ತಿತ್ತು. ನಾನು ಕಟ್ಟಿಗೆ ಒಡೆದೆ. ಒಡೆದ ಕಟ್ಟಿಗೆಯನ್ನು ಮತ್ತೊಮ್ಮೆ ಸಣ್ಣಗೆ ಒಡೆದೆ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದೆ. ಮಂದಿಯ ಮನೆಯಲ್ಲಿ ದುಡಿಯದೆ ಉಣ್ಣುವವನನ್ನು ನಮ್ಮೂರಲ್ಲಿ ಏನನ್ನುತ್ತಾರೆ, ಹೇಳಿದೆನಲ್ಲ.

ಡಿಸೆಂಬರ್ ಹೊತ್ತಿಗೆ ಸೇಬಿನ ಗಿಡಗಳ ಎಲೆ ಪೂರ್ತಿ ಉದುರಿತು. ಆಗ ಕಣ್ಣಿಗೆ ಬಿತ್ತು. ಹದಿನೈದು ಹಳೆಯ ಗಿಡ, ಒಂದೊಂದರ ಮೇಲೂ ಕಾಗೆ ಗೂಡಿನಂತೆ ಹಸಿರು ಉಂಡೆಗಳು. ಹತ್ತಿರ ಹೋಗಿ ನೋಡಿದರೆ ಬದನಿಕೆ! ನಮ್ಮದಕ್ಕೆ ಉದ್ದನೆಯ ಕೆಂಪು ಹೂ, ದಪ್ಪ ಎಲೆ. ಇದರ ಎಲೆ ಜೋಡಿ ಜೋಡಿ, ಹಣ್ಣು ಮುತ್ತಿನಂತೆ ಬಿಳಿ. ಕುಲ ಬೇರೆ, ಕಸುಬು ಒಂದೇ. ಇಷ್ಟು ಗಟ್ಟಿಗಿತ್ತಿ ಹೆಂಗಸು ತೋಟವನ್ನು ಹೀಗೆ ಹಾಳು ಬಿಟ್ಟಳಲ್ಲ ಎಂದು ಆಕೆಯ ಪರವಾಗಿ ನನಗೇ ನಾಚಿಕೆ ಆಯಿತು.

ಹನ್ನೆರಡು ಗಿಡಗಳ ದಿನ

ಒಂದು ಬೆಳಿಗ್ಗೆ ಸಾಹೇಬರು ಹಡಗಿನ ವಿಚಾರಣೆಗೆ ಪೇಟೆಗೆ ಹೋದರು. ಮಾರ್ಥಾಬಾಯಿ ನನ್ನ ಕೈಗೆ ಒಂದು ನಿಚ್ಚಣಿಕೆ, ಒಂದು ಗರಗಸ ಕೊಟ್ಟಳು. ಮೇಲೆ ಬದನಿಕೆ ತೋರಿಸಿದಳು, ಕೊಯ್ಯುವಂತೆ ಕೈಸನ್ನೆ ಮಾಡಿದಳು, ಯಾವುದೋ ಕೆಲಸಕ್ಕೆ ಹೋದಳು.

ಕಡೆಗೂ ಕೆಲಸ ಸಿಕ್ಕಿತು! ಹಳ್ಳಿ ಬಿಟ್ಟ ಮೊದಲಲ್ಲಿ ನಾನು ಅಕ್ಕಲಕೋಟೆಯ ಒಂದು ಮಾವಿನ ತೋಟದಲ್ಲಿ ದುಡಿದವನು. ಬದನಿಕೆ ತೆಗೆಯುವುದರಲ್ಲಿ ನನ್ನ ಕೈ ಹೆಸರಾಗಿತ್ತು. ಬರೀ ಗೊಂಚಲು ಕೊಯ್ದರೆ ಪ್ರಯೋಜನವಿಲ್ಲ, ಒಳಗಿನ ಬೇರಿನಿಂದ ಮತ್ತೆ ಚಿಗುರುತ್ತದೆ. ಟೊಂಗೆಯನ್ನೇ ಒಂದು ಗೇಣು ಕೆಳಗಿನಿಂದ ಕಡಿಯಬೇಕು. ಟೊಂಗೆ ದಪ್ಪವಿದ್ದರೆ ತೊಗಟೆ ಕೆತ್ತಿ ಬೇರು ಕೀಳಬೇಕು. ಹಾಗೇ ಮಾಡಿದೆ. ಮಧ್ಯಾಹ್ನದ ಊಟಕ್ಕೂ ಇಳಿಯಲಿಲ್ಲ. ಕೊಯ್ದದ್ದನ್ನು ಕೆಳಗೆ ಎಸೆದೆ, ಬೇಲಿ ತೆರೆದು ಕುರಿಗಳನ್ನು ಬಿಟ್ಟೆ. ಕುರಿ ವಿಲಾಯತಿಯದಾದರೇನು, ಬದನಿಕೆ ಕಂಡರೆ ನಮ್ಮ ಕುರಿಯಷ್ಟೇ ಆಸೆಯಿಂದ ಮುಕ್ಕುತ್ತದೆ. ಪಾಟೀಲ ಎಲ್ಲರನ್ನೂ ದೂಡಿ ಎರಡು ಪಾಲು ತಿಂದ. ಹೊತ್ತು ಇಳಿಯುವಾಗ ಹನ್ನೆರಡು ಗಿಡ ಸ್ವಚ್ಛವಾಗಿದ್ದವು. ಮೈಯೆಲ್ಲ ಹುರುಪು. ಆಕೆ ಬಂದು ಏನನ್ನುತ್ತಾಳೋ ಎಂದು ಕಾದೆ.

ಸಾಹೇಬರೂ ಆಕೆಯೂ ಒಟ್ಟಿಗೇ ಬಂದರು. ಆಕೆಯ ಕೈಯಲ್ಲಿ ಸುತಳಿಯ ಉಂಡೆ ಮತ್ತು ಖಾಲಿ ಬುಟ್ಟಿಗಳು. ಗೇಟಿನಲ್ಲೇ ನಿಂತುಬಿಟ್ಟಳು.

"ಏನ್ ಮಾಡಿದ್ಯೋ ಮಾಳಪ್ಪಾ ಇದು?" ಸಾಹೇಬರು ಕೂಗಿದರು.

"ಕೆಲಸ ಮಾಡೀನ್ರಿ. ಹನ್ನೆರಡು ಗಿಡ, ಒಬ್ಬನ."

"ಅರೇ ಬಾಬಾ! ಅದನ್ನ ಸಂತಿಗಿ ಒಯ್ಯಾಕ ಕೊಯ್ಯಂದಿದ್ಳು! ಅವರ ದೊಡ್ಡ ಹಬ್ಬಕ್ಕ ಮನಿ ಮನಿಗೂ ತೂಗಹಾಕ್ತಾರ ಇಲ್ಲಿ."

"ಬದನಿಕಿನ್ರಿ?"

"ಹೂಂ, ಬದನಿಕಿನ. ವರ್ಷಾ ಬುಡಾ ಬಿಟ್ಟು ಕೊಯ್ತಾಳ, ವರ್ಷಾ ಚಿಗೀತದ. ಈ ಚಳಿಗಾಲದ ಬೆಳಿ ಅಂದ್ರ ಆಕಿಗಿ ಇದ. ನೀ ನೋಡಿದ್ರ ಟೊಂಗೀನ ಹಾರಿಸೀದಿ."

ಮಾರ್ಥಾಬಾಯಿ ಕಡಿದ ಟೊಂಗೆಯೊಂದನ್ನು ಎತ್ತಿ, ಕೆತ್ತಿದ ಜಾಗಕ್ಕೆ ಹೆಬ್ಬೆರಳು ಆಡಿಸಿದಳು. ನಂತರ ನಾಲ್ಕೇ ಮಾತು ಆಡಿದಳು.

"ಈ ಕೈಯಾಗ ಟಗರು ಹೆಂಗ ಕೊಡಲಿ ಅಂತಾಳ" ಎಂದರು ಸಾಹೇಬರು.

ತಪ್ಪಾಯಿತು ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಗಿಡಾ ಉಳಿಸೀನಿ ಅನ್ರಿ ಆಕಿಗಿ. ಇನ್ನ ಹತ್ತ ವರ್ಷ ಬಿಟ್ಟಿದ್ರ ಒಣಗಿ ಹೋಗತಿದ್ದವು. ಖರೇನೋ ಸುಳ್ಳೋ ಕೇಳ್ರಿ."

ಸಾಹೇಬರು ಎಷ್ಟು ಹೇಳಿದರೋ ತಿಳಿಯದು. ಆಕೆ ನನ್ನನ್ನೇ ನೋಡಿ ಉತ್ತರ ಕೊಟ್ಟಳು.

"ಖರೇನ ಅಂತಾಳ. ಬಿಟ್ರ ಗಿಡಾ ತಿಂತದ. ಅದಕ್ಕ ವರ್ಷಾ ಕೊಯ್ಯೂದು. ಗಿಡಾನೂ ಇರಬೇಕು, ಇದೂ ಇರಬೇಕು. ಅದಕ್ಕ ಕಾವಲು ತಾನು ಇದೀನಿ ಅಂತಾಳ."

ಅವರ ದೊಡ್ಡ ಹಬ್ಬ

ಉಳಿದ ಮೂರು ಗಿಡಗಳ ಹಸಿರನ್ನು ಕುರಿಗಳ ಚಳಿಗಾಲದ ಮೇವಿಗೆಂದು ಬಿಟ್ಟು, ಮಾರ್ಥಾಬಾಯಿ ಒಂದೇ ಸಣ್ಣ ಗೊಂಚಲು ಕೊಯ್ದಳು. ಸಂತೆಗಲ್ಲ, ಅಡಿಗೆಮನೆಯ ತೊಲೆಗೆ. ಆಕೆ ಸಾಹೇಬರಿಗೆ ಅದರ ಕಥೆಗಳನ್ನು ಹೇಳಿದಳು, ಅವರು ನನಗೆ ದಾಟಿಸಿದರು. ಇದು ತೂಗಿದ ಮನೆಗೆ ಸಿಡಿಲು ಹೊಡೆಯುವುದಿಲ್ಲ. ಅದಕ್ಕೇ ಮುಂದಿನ ಹಬ್ಬದ ತನಕ ಇಳಿಸುವುದಿಲ್ಲ. ಹೊಸ ವರ್ಷದಲ್ಲಿ ಮೊದಲು ಈಯುವ ಆಕಳಿಗೆ ಇದರ ರೆಂಬೆ ತಿನ್ನಿಸಿದರೆ ಹಾಲು ತಪ್ಪುವುದಿಲ್ಲ. ಆದರೆ ಚರ್ಚಿನೊಳಗೆ ತರುವಂತಿಲ್ಲ. ಒಂದು ಕಾಲಕ್ಕೆ ಇದೂ ದೊಡ್ಡ ಮರವೇ ಆಗಿತ್ತಂತೆ. ಅವರ ದೇವರ ಮಗನನ್ನು ಏರಿಸಿದ ಶಿಲುಬೆ ಇದರ ಕಟ್ಟಿಗೆಯದಂತೆ. ಆ ನಾಚಿಕೆಗೆ ಕುಗ್ಗಿ, ನೆಲ ಮುಟ್ಟಲಾರದೆ ಮಂದಿಯ ಮೈಮೇಲೆ ಬದುಕುತ್ತದಂತೆ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಹೆಣ್ಣಿಗೆ ಮಾತ್ರ ಹಣ್ಣು ಎಂದೂ ಹೇಳಿದಳು. ಅದು ಕಥೆಯಲ್ಲ, ನಾನೇ ನೋಡಿದೆ.

ಹಬ್ಬದ ದಿನ ನೆರೆಯ ತೋಟದ ಅಜ್ಜಿಯೊಬ್ಬಳು ಬಂದಳು. ಕಾಲುವೆ ಮುಚ್ಚಿದ್ದರಿಂದ ಪೆಟ್ರೋಲನ್ನು ಚೀಟಿಯ ಮೇಲೆ ಅಳೆದು ಕೊಡುತ್ತಿದ್ದ ಕಾಲ, ಆಕೆ ನಡೆದೇ ಬಂದಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ. ತಲೆಯ ಮೇಲೆ ಏನಿದೆ ಎಂದು ನೋಡಿರಲಿಲ್ಲ. ಅಜ್ಜಿ ನೆಟ್ಟಗೆ ಬಂದು ನನ್ನ ಕೆನ್ನೆಗೆ ಮುತ್ತು ಕೊಟ್ಟು, ಗೊಂಚಲಿನಿಂದ ಒಂದು ಹಣ್ಣು ಕಿತ್ತಳು! ನನ್ನ ರುಮಾಲು ವಾಲಿತು. ನಾನು ಒಂದೇ ಓಟಕ್ಕೆ ಕೊಟ್ಟಿಗೆ ಸೇರಿದೆ. ಹಿಂದಿನಿಂದ ಸಾಹೇಬರ ನಗು ಕೇಳುತ್ತಲೇ ಇತ್ತು.

"ಹೆದರಬ್ಯಾಡೋ! ಅದರ ಕೆಳಗ ನಿಂತಾಂವಗ ಕೊಡೂದು ಅವರ ಪದ್ಧತಿ. ಒಂದು ಮುತ್ತಿಗಿ ಒಂದು ಹಣ್ಣು. ಹಣ್ಣು ತೀರಿದ್ರ ಮುತ್ತೂ ತೀರ್ತು."

"ಊರಾಗ ಹೇಳಬ್ಯಾಡ್ರಿ ಸಾಹೇಬ್ರ."

"ನೀ ತೋಟಾ ಕೆಡಿಸಿದ್ದು ಹೇಳಲೋ, ಇದನ್ನ ಹೇಳಲೋ?"

ಮಾರ್ಥಾಬಾಯಿ ನಗಲಿಲ್ಲ. ಖಾಲಿ ಬುಟ್ಟಿಗಳು ಇನ್ನೂ ಬಾಗಿಲ ಹಿಂದೆಯೇ ಇದ್ದವು.

ಬರ್ಫ ಬಿದ್ದ ವಾರ

ಜನವರಿಯ ಕೊನೆಗೆ ಆಕೆಯ ಕುರಿಗಳು ಈಯತೊಡಗಿದವು. ಅಡ್ಡ ತಿರುಗಿದ ಎರಡು ಮರಿಗಳನ್ನು ನಾನು ಕೈ ಹಾಕಿ ತೆಗೆದು ಉಳಿಸಿದೆ. ಸತ್ತ ಮರಿಯ ತಾಯಿಗೆ ತಬ್ಬಲಿ ಮರಿಯನ್ನು ಹಚ್ಚಿದೆ. ಇಷ್ಟಾದ ಮೇಲೆ ಹಳೆಯದು ತೊಳೆದು ಹೋಗುತ್ತದೆ ಅಂದುಕೊಂಡಿದ್ದೆ. ಆಕೆ ಬಿಸಿ ಚಹಾ ಕೊಟ್ಟಳು, ಥ್ಯಾಂಕ್ಯೂ ಅಂದಳು. ಅಲ್ಲಿ ಉಪ್ಪಿನ ಡಬ್ಬಿ ದಾಟಿಸಿದರೂ ಥ್ಯಾಂಕ್ಯೂ ಅನ್ನುತ್ತಾರೆ. ಟಗರಿನ ಮಾತು ತೆಗೆಯಲಿಲ್ಲ. ನಾನು ಕೊಟ್ಟಿಗೆಯ ಮುಂದೆ ನಡೆದೂ ನಡೆದೂ ಕೆಸರಿನಲ್ಲಿ ದಾರಿಯೇ ಬಿದ್ದಿತ್ತು.

ಬರ್ಫ ಬಿದ್ದು ಹುಲ್ಲು ಮುಚ್ಚಿತು. ಈದ ಕುರಿಗಳು ಒಣ ಮೇವು ಮುಟ್ಟದೆ ಮುಖ ತಿರುಗಿಸಿದವು. ಆಗ ಮಾರ್ಥಾಬಾಯಿ ಉಳಿದ ಮೂರು ಗಿಡಗಳ ಬಳಿ ಹೋದಳು. ಎಡಗೈಯಲ್ಲಿ ಬದನಿಕೆಯ ತುದಿ ಹಿಡಿದು, ಕುಡಗೋಲನ್ನು ತನ್ನ ಕಡೆಗೆ ಎಳೆದು, ಒಂದು ಹಿಡಿಯಷ್ಟು ಬುಡ ಬಿಟ್ಟು ಕೊಯ್ದಳು.

ಆ ಎಳೆತ ನನಗೆ ಗೊತ್ತಿತ್ತು. ನಮ್ಮ ದೊಡ್ಡಿಯ ಪಕ್ಕದ ಬೇವಿನಲ್ಲಿ ಅವ್ವ ಹೀಗೆಯೇ ಕೊಯ್ಯುತ್ತಿದ್ದಳು. ಬೇಸಿಗೆಯಲ್ಲಿ ಹೊಲವೆಲ್ಲ ಬೋಳಾಗಿ, ಕಣಿಕೆ ಅಂದರೆ ಜೋಳದ ದಂಟಿನ ಮೇವೂ ತೀರಿದಾಗ, ಎಳೆ ಮರಿಗಳ ತಾಯಂದಿರಿಗೆ ಅದೊಂದೇ ಹಸಿರು. ಅಕ್ಕಲಕೋಟೆಯ ತೋಟದ ಕೆಲಸದಿಂದ ಮೊದಲ ಸಲ ಊರಿಗೆ ಬಂದಾಗ ನಾನು ಆ ಬೇವನ್ನು ನೋಡಿದೆ. ಅವ್ವ ಬೀರೋಬನ ಗುಡಿಗೆ ಹೋಗಿದ್ದಳು. ಆಕೆ ಬರುವುದರೊಳಗೆ ಗೇಣು ಕೆಳಗಿನಿಂದ ಕಡಿದು ಬೇವನ್ನು ಸ್ವಚ್ಛ ಮಾಡಿದೆ. ಅವ್ವ ಮೇಲೆ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ರೊಟ್ಟಿ ಬಡಿದಳು. ಆ ಬೇಸಿಗೆ ದಿನಾ ಎರಡು ಹರದಾರಿ ನಡೆದು ಮಂದಿಯ ಹೊಲದ ಬದನಿಕೆ ಬೇಡಿ ಹೊತ್ತು ತಂದಳು. ನಾನು ಅದನ್ನು ಕಂಡರೂ ಕೆಲಸದ ಗುಂಗಿನಲ್ಲಿ ಸೊಲ್ಲಾಪುರಕ್ಕೆ ಹೊರಟುಹೋದೆ.

ಏಳು ಸಮುದ್ರ ದಾಟಿ ಬಂದು ಅದೇ ತಪ್ಪನ್ನು ಮತ್ತೊಬ್ಬ ಮುದುಕಿಯ ತೋಟದಲ್ಲಿ ಮಾಡಿದ್ದೆ.

ಹೊರಡುವ ವಾರ

ಹಡಗಿಗೆ ಎಂಟು ದಿನ ಉಳಿದಿತ್ತು. ಮೂರು ಗಿಡಗಳಲ್ಲಿ ಒಂದನ್ನು ಒಂದು ಹಕ್ಕಿ ಚಳಿಗಾಲವೆಲ್ಲ ಕಾವಲು ಕಾದಿತ್ತು. ಎದೆಯ ಮೇಲೆ ಚುಕ್ಕೆ ಇರುವ, ಪಾರಿವಾಳಕ್ಕಿಂತ ತುಸು ಸಣ್ಣ ಹಕ್ಕಿ. ಬೇರೆ ಹಕ್ಕಿ ಬಂದರೆ ಒಣ ಶೇಂಗಾಕಾಯಿ ಅಲ್ಲಾಡಿಸಿದ ಹಾಗೆ ಕಟಕಟ ಕೂಗಿ ಅಟ್ಟುತ್ತಿತ್ತು. ಹಣ್ಣು ನುಂಗುತ್ತಿತ್ತು, ಅಂಟು ಬಿಡಿಸಲು ಕೊಕ್ಕನ್ನು ಟೊಂಗೆಗೆ ಒರೆಸುತ್ತಿತ್ತು. ಬೀಜ ಅಲ್ಲೇ ಹತ್ತಿಕೊಳ್ಳುತ್ತಿತ್ತು. ನಮ್ಮಲ್ಲಿ ಹೆಬ್ಬೆರಳಿನಷ್ಟು ಬೂದು ಹಕ್ಕಿಯೊಂದು ಇದೇ ಕೆಲಸ ಮಾಡುತ್ತದೆ, ಆದರೆ ಅದು ಒರೆಸುವುದು ಕೊಕ್ಕನ್ನಲ್ಲ, ಹಿಂಭಾಗವನ್ನು.

ಹಕ್ಕಿ ಮಾಡುವುದನ್ನು ಮನುಷ್ಯ ಯಾಕೆ ಮಾಡಬಾರದು?

ಅಡಿಗೆಮನೆಗೆ ಹೋದೆ. ಗೊಂಚಲಿನಲ್ಲಿ ಹಣ್ಣುಗಳಿದ್ದವು. ಇಳಿಸುವಂತಿಲ್ಲ ಎಂಬುದು ನೆನಪಿತ್ತು. ಈ ಸಲ ಕೇಳದೆ ಕೈ ಹಚ್ಚಬಾರದೆಂದು ಅದರ ಕೆಳಗೆ ನಿಂತು, ಮೇಲೆ ಬೆರಳು ತೋರಿಸಿ ಕಾದೆ. ಪಾತ್ರೆ ತೊಳೆಯುತ್ತಿದ್ದ ಮಾರ್ಥಾಬಾಯಿ ತಿರುಗಿದಳು. ನನ್ನನ್ನು ನೋಡಿದಳು, ಗೊಂಚಲು ನೋಡಿದಳು. ಕೈ ಒರೆಸಿಕೊಂಡು ಬಂದು, ತುದಿಗಾಲಲ್ಲಿ ನಿಂತು ನನ್ನ ಕೆನ್ನೆಗೆ ಮುತ್ತು ಕೊಟ್ಟಳು! ಪದ್ಧತಿಯಂತೆ ಒಂದು ಹಣ್ಣು ಕಿತ್ತು ಎಸೆಯಲು ಹೋದಳು.

ನಾನು ಈ ಸಲ ಓಡಲಿಲ್ಲ. ಬೊಗಸೆ ಒಡ್ಡಿದೆ. ಆಕೆ ಹಣ್ಣನ್ನು ಅದರಲ್ಲಿ ಹಾಕಿದಳು. ಅದನ್ನು ಹಿಸುಕಿ, ಅಂಟು ಬೀಜವನ್ನು ನನ್ನ ಮುಂಗೈಗೆ ಹಚ್ಚಿ, ಕಿಟಕಿಯಾಚೆಯ ಬೋಳು ಗಿಡಗಳ ಕಡೆ ಕೈ ಮಾಡಿದೆ.

ಆಕೆ ಬಹಳ ಹೊತ್ತು ನನ್ನ ಮುಂಗೈ ನೋಡಿದಳು. ಆಮೇಲೆ ಬೂಟು ಹಾಕಿಕೊಂಡಳು. ಬಾಗಿಲ ಹಿಂದಿನ ಬುಟ್ಟಿಗಳಲ್ಲಿ ಒಂದನ್ನು ತೆಗೆದುಕೊಂಡಳು.

ಮೂರು ದಿನ ಹಚ್ಚಿದೆವು. ಮೂರು ಗಿಡಗಳ ಹಣ್ಣು, ಹನ್ನೆರಡು ಗಿಡಗಳ ಟೊಂಗೆ. ಬೆರಳು ಮರಗಟ್ಟಿದವು, ಅಂಟು ಅಂಗಿಗೂ ಮೀಸೆಗೂ ಹತ್ತಿತು. ನಾನು ಟೊಂಗೆಯ ಮೇಲ್ಗಡೆ ಹಚ್ಚುತ್ತಿದ್ದರೆ ಆಕೆ ಕೈಗೆ ಹೊಡೆದು ಕೆಳಗಿನ ಮಗ್ಗುಲು ತೋರಿಸಿದಳು. ದಪ್ಪ ಟೊಂಗೆ ಬೇಡ, ಎಳೆಯದು. ನೋಡಲು ಬಂದ ಸಾಹೇಬರು ತಲೆ ಕೊಡವಿದರು.

"ಕಾಣಾಕ ಐದ ವರ್ಷ ಬೇಕಂತ, ಮಾಳಪ್ಪಾ. ಹತ್ತರಾಗ ಒಂದು ಹುಟ್ಟಿದ್ರ ಪುಣ್ಯಾ ಅಂತಾಳ."

"ಅದಕ್ಕ ಹತ್ತ ಹಚ್ಚಾಕತ್ತೀನ್ರಿ."

ಹೊರಡುವ ದಿನ ಲಾರಿ ಬಂತು. ಮಾರ್ಥಾಬಾಯಿ ಪಾಟೀಲನನ್ನು ತಾನೇ ಹಿಡಿದು ತಂದಳು. ಸಾಹೇಬರು ಕೈ ಚಾಚಿದರು. ಆಕೆ ಅವರನ್ನು ದಾಟಿ ಬಂದು ಹಗ್ಗವನ್ನು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಮುಚ್ಚಿದಳು. ಬೆರಳುಗಳಲ್ಲಿ ಇನ್ನೂ ಹಣ್ಣಿನ ಅಂಟು ಇತ್ತು.

ಬೇವಿನ ಗಿಡ

ಆಫ್ರಿಕಾ ಸುತ್ತಿ ಬಂದ ಹಡಗಿನಲ್ಲಿ ನಾನು ಒಂದು ದಿನವೂ ಸುಮ್ಮನೆ ನಡೆಯಲಿಲ್ಲ, ಪಾಟೀಲನೇ ನಡೆಸಿದ. ಸೊಲ್ಲಾಪುರ ಮುಟ್ಟಿದಾಗ ಬಿಸಿಲು ಸುಡುತ್ತಿತ್ತು. ಅವನು ಜೋಳದ ಕಣಿಕೆ ಮೂಸಿ ನನ್ನ ಮುಖ ನೋಡಿದ. ರಸ್ತೆ ಬದಿಯ ಬೇವಿನಿಂದ ಬದನಿಕೆ ತಂದು ಹಾಕಿದೆ, ಬುಡ ಬಿಟ್ಟು ಕೊಯ್ದದ್ದು. ತಿಂದ.

ರಜೆ ಪಡೆದು ಊರಿಗೆ ಹೋದೆ. ಬದನಿಕೆ ಹಣ್ಣಾಗುವ ಕಾಲ. ಅವ್ವ ಬೇಡಿ ತರುತ್ತಿದ್ದ ಹೊಲದಿಂದಲೇ ಒಂದು ರುಮಾಲಿನ ತುಂಬ ಹಣ್ಣು ತಂದು ದೊಡ್ಡಿಯ ಪಕ್ಕದ ಬೇವು ಹತ್ತಿದೆ. ಕೆಳಗೆ ಮಂದಿ ಕೂಡಿ ನಕ್ಕರು. "ನೋಡ್ರಪಾ! ಹಡಗ ಹತ್ತಿ ಹೋಗಿ ಗಿಡಕ್ಕ ರೋಗಾ ಹಚ್ಚೂದು ಕಲತ ಬಂದಾನ."

ಅವ್ವ ದೊಡ್ಡಿಯ ಬಾಗಿಲಲ್ಲಿ ಕೂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು.

"ಅಲ್ಲಲ್ಲ. ಕೆಳಗಿನ ಮಗ್ಗಲಿಗಿ ಹಚ್ಚು. ಮ್ಯಾಲ ಬಿಸಲಿಗಿ ಒಣಗ್ತದ."

ನನ್ನ ಕೈ ನಿಂತಿತು. ಮಾರ್ಥಾಬಾಯಿ ನನ್ನ ಕೈಗೆ ಹೊಡೆದು ಕಲಿಸಿದ್ದು ಅದನ್ನೇ.

"ನಿನಗ ಯಾರು ಹೇಳಿದ್ರಬೇ ಇದು?"

"ಯಾರು ಹೇಳತಾರ?" ಅಂದಳು ಅವ್ವ, ಎದ್ದು ಸೀರೆಯ ಮಣ್ಣು ಕೊಡವುತ್ತ. "ಆಗ ನೀ ಕಡದ್ಯಲ್ಲ, ಅದನ್ನ ಯಾರ ಹಚ್ಚಿದ್ರಂತ ತಿಳದೀದಿ?"